ಮೊದಲು ನೋಡು

ಪಾದ್ರಿಯಾಗಲು ಓದಹೋದ ಬೆಲ್ಜಿಯಮ್ಮಿನ ಜೋಸೆಫ್ ಕಾರ್ಡೈನ್ ರಜೆಗೆಂದು ಊರಿಗೆ ಬಂದಾಗ, ಕಾರ್ಖಾನೆ ಸೇರಿದ್ದ ಹಳೆಯ ಗೆಳೆಯರು ಅವರನ್ನು ಪರಕೀಯರಂತೆ ಕಂಡರು. ಆ ನೋವಿನಿಂದಲೇ ಮುಂದೆ, 1925ರಲ್ಲಿ, ದುಡಿಯುವ ಕ್ರೈಸ್ತ ತರುಣರ ಚಳವಳಿ ಮೂಡಿತು. 1929ರಲ್ಲಿ ಫ್ರಾನ್ಸಿನಲ್ಲಿ ಅದರ ವಿದ್ಯಾರ್ಥಿಶಾಖೆ ಚಿಗುರಿತು. ಪ್ರೌಢಶಾಲೆಯ ಮಕ್ಕಳಿಗೂ ಅದು ಕೊಟ್ಟ ಸೂತ್ರ ಮೂರೇ ಮಾತು: ನೋಡು, ವಿವೇಚಿಸು, ಮಾಡು.

ಇದರ ಹಿರಿಮೆಯಿರುವುದು ಕ್ರಮದಲ್ಲಿ. ಉಪದೇಶವೂ ಪಾಠವೂ ತೀರ್ಪಿನಿಂದಲೇ ಹೊರಡುವುದು ರೂಢಿ. ಇಲ್ಲಿಯಾದರೋ, ಹುಡುಗನು ಮೊದಲು ಪಕ್ಕದ ಬೆಂಚಿನವನ ಬಾಳನ್ನು ಕಾಣಬೇಕು. ಧರ್ಮಗ್ರಂಥದ ಬೆಳಕಿನಲ್ಲಿ ಅದನ್ನು ತೂಗಬೇಕು. ಬಳಿಕ ಕೈಲಾದುದನ್ನು ಮಾಡಬೇಕು. ನೋಡದ ವಿವೇಚನೆ ಪೂರ್ವಗ್ರಹವಲ್ಲದೆ ಮತ್ತೇನು?

ಮತ ಯಾವುದೇ ಇರಲಿ, ಅಧ್ಯಾಪಕನಿಗೆ ಈ ಕ್ರಮವೊಂದು ಪರೀಕ್ಷೆ. ಪದ್ಯವನ್ನು ಓದಿಸುವ ಮೊದಲೇ ಕವಿ ಮಹಾಕವಿಯೆಂದು ಟಿಪ್ಪಣಿ ಬರೆಯಿಸಿದವನು ನಾನು. ಆ ಮಕ್ಕಳು ನೋಡಲು ಕಲಿಯಲಿಲ್ಲ, ತಪ್ಪು ಅವರದಲ್ಲ.