ಮಸೆಗಲ್ಲಿಗೂ ಒಂದು ಬೆಟ್ಟವಿದೆ

ಮಡಚುವ ಕ್ಷೌರದ ಕತ್ತಿಯನ್ನು ಹರಿತಗೊಳಿಸುವ ಹಳೆಯ ಮಸೆಗಲ್ಲುಗಳನ್ನು ಹುಡುಕಿ ಸಂಗ್ರಹಿಸುವ ಹವ್ಯಾಸವೊಂದು ಯುರೋಪು ಮತ್ತು ಅಮೆರಿಕಗಳಲ್ಲಿ ಬೆಳೆದು ನಿಂತಿದೆ. ಹಳೆಯ ಮನೆಗಳ ಸಾಮಾನು ಹರಾಜಾಗುವಾಗ, ಮುಚ್ಚಿದ ಕ್ಷೌರದಂಗಡಿಗಳ ಪೆಟ್ಟಿಗೆಗಳು ಮಾರಾಟಕ್ಕೆ ಬಂದಾಗ ಇಂಥ ಕಲ್ಲುಗಳು ಸಿಗುತ್ತವೆ. ಇದನ್ನು ಬಿಡುವುಳ್ಳವರ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಬೆಟ್ಟಗಳ ಕುರಿತು ಯೋಚಿಸುವವರು ಈ ಹವ್ಯಾಸವನ್ನು ಗಮನಿಸಬೇಕೆಂದು ನನಗನ್ನಿಸುತ್ತದೆ. ಸಂಗ್ರಾಹಕನ ಕೈಯಲ್ಲಿರುವುದು ಮತ್ತೆ ಹುಟ್ಟದ ಬೆಟ್ಟವೊಂದರ ತುಣುಕು. ಅದನ್ನು ಆತ ಸರಿಯಾಗಿ ಗುರುತಿಸುತ್ತಾನೆಯೇ ಇಲ್ಲವೇ ಎಂಬುದು ಅವನೊಬ್ಬನ ಸ್ವಂತ ಸಂಗತಿಯಾಗಿ ಉಳಿಯುವುದಿಲ್ಲ.

ಕ್ಷೌರದ ಕತ್ತಿಯನ್ನು ಮಸೆಯುವಾಗ ಅದರ ಬೆನ್ನು ಮತ್ತು ಅಂಚು ಎರಡೂ ಏಕಕಾಲಕ್ಕೆ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಅಂಚಿನ ಕೋನವನ್ನು ನಿರ್ಧರಿಸುತ್ತದೆ. ಆದುದರಿಂದ ಕಲ್ಲು ಸಮತಟ್ಟಾಗಿಯೂ ಅತ್ಯಂತ ನಯವಾಗಿಯೂ ಇರಬೇಕಾಗುತ್ತದೆ. ಕುಡುಗೋಲು ಮಸೆಯಲು ಮರಳುಗಲ್ಲು ಸಾಕು. ಗಲ್ಲದ ಚರ್ಮದ ಮೇಲೆ ಆಡುವ ಅಂಚಿಗೆ ಸಾಲದು. ಇಷ್ಟು ನಯವಾದ ಕಲ್ಲು ಭೂಮಿಯ ಕೆಲವೇ ಕೆಲವು ಕಡೆಗಳಲ್ಲಿ ದೊರೆಯುತ್ತಿತ್ತು.

ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸೀಮೆಯಲ್ಲಿ, ವಿಯೆಲ್‌ಸಾಲ್ಮ್ ಪಟ್ಟಣದ ಸುತ್ತ ಸಿಗುವ ಹಳದಿ ಕೋಟಿಕ್ಯೂಲ್ ಅಂಥದೊಂದು. ಸುಮಾರು 48 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ನೆಲೆಗೊಂಡ ಕೆಸರು ಮುಂದೆ ಒತ್ತಡ ಮತ್ತು ಶಾಖಗಳಿಗೆ ಸಿಕ್ಕು ಈ ಕಲ್ಲಾಯಿತು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಚಿಕ್ಕದಾದ ಗಾರ್ನೆಟ್ ಹರಳುಗಳು ಅದರಲ್ಲಿ ತುಂಬಿವೆ. ಉಕ್ಕನ್ನು ಸವೆಸುವುದು ಆ ಹರಳುಗಳೇ. ಹಳದಿ ಪದರಗಳು ತೆಳುವಾಗಿದ್ದು, ನೇರಳೆ ಛಾಯೆಯ ನೀಲಿ ಕಲ್ಲಿನ ನಡುವೆ ಸಿಲುಕಿಕೊಂಡಿರುತ್ತವೆ. ಜರ್ಮನಿಯ ಥುರಿಂಜಿಯಾದಲ್ಲಿ ಸೊನ್ನೆಬರ್ಗ್ ಮತ್ತು ಸ್ಟೈನಾಖ್ ಪರಿಸರದ ಸ್ಲೇಟುಗಲ್ಲು ಮತ್ತೊಂದು. ಶಾಲಾಮಕ್ಕಳು ಸ್ಲೇಟಿನ ಮೇಲೆ ಬರೆಯುವ ಕಡ್ಡಿಗಳನ್ನು ಲೋಕಕ್ಕೆಲ್ಲ ಒದಗಿಸಿದ ಸ್ಟೈನಾಖ್ ಇದೇ.

ಈ ಕಲ್ಲುಗಳ ಕಾಲ ಮುಗಿದದ್ದು ಹೇಗೆ? 1891ರಲ್ಲಿ ಅಮೆರಿಕದ ಅಚೆಸನ್ ಕಾರ್ಬೊರಂಡಮ್ ಎಂಬ ಕೃತಕ ಘರ್ಷಕವನ್ನು ಕಂಡುಹಿಡಿದನು. 1903ರಲ್ಲಿ ಜಿಲೆಟ್ ಕಂಪನಿಯ ಬಿಸಾಡುವ ಬ್ಲೇಡು ಮಾರುಕಟ್ಟೆಗೆ ಬಂದಿತು. ಆ ವರ್ಷ ಮಾರಾಟವಾದ ರೇಜರುಗಳು ಕೇವಲ 51. ಮರುವರ್ಷ ಆ ಸಂಖ್ಯೆ 90 ಸಾವಿರವನ್ನು ದಾಟಿತು. ಮಸೆಯುವ ಅಗತ್ಯವೇ ಇಲ್ಲವಾದ ಮೇಲೆ ಮಸೆಗಲ್ಲಿನ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಜಪಾನಿನಲ್ಲಿ ಕ್ಯೋಟೋ ಬಳಿಯ ಪ್ರಸಿದ್ಧ ನಕಯಾಮ ಗಣಿ 1967ರಲ್ಲಿ ಮುಚ್ಚಿತು. ಆರ್ಡೆನ್ನಿನ ಹಳೆಯ ಭೂಗತ ಗಣಿಗಳ ಕೆಲಸ 1980ರ ಸುಮಾರಿಗೆ ನಿಂತುಹೋಯಿತು. ಅಲ್ಲಿ ಸಣ್ಣ ಪ್ರಮಾಣದ ಕೆಲಸ ಮತ್ತೆ ಆರಂಭವಾದದ್ದು 1990ರ ದಶಕದ ಕೊನೆಯಲ್ಲಿ.

ಅಂದಮೇಲೆ ಹಳೆಯ ಕಲ್ಲನ್ನು ಗುರುತಿಸುವುದು ಹೇಗೆ? ಮೊದಲು ಅಂಚನ್ನು ನೋಡಬೇಕು. ಹಳದಿ ಮತ್ತು ನೀಲಿ ಪದರಗಳು ನಿಸರ್ಗದಲ್ಲಿಯೇ ಕೂಡಿಕೊಂಡಿದ್ದರೆ ನಡುವಿನ ಗೆರೆ ತುಸು ಓಲಾಡುತ್ತದೆ, ಬಣ್ಣಗಳು ಒಂದರೊಳಗೊಂದು ಇಳಿದಿರುತ್ತವೆ. ತೆಳು ಹಳದಿ ಹಲಗೆಯನ್ನು ಸ್ಲೇಟಿಗೆ ಅಂಟಿಸಿದ್ದರೆ ಗೆರೆ ನೇರವಾಗಿ, ಅಂಟಿನ ಕಪ್ಪಿನೊಡನೆ ಕಾಣುತ್ತದೆ. ಬಳಿಕ ನೀರು ಹಾಕಿ ಅದೇ ಜಾತಿಯ ಚಿಕ್ಕ ಕಲ್ಲಿನಿಂದ ಉಜ್ಜಬೇಕು. ಹಳದಿ ಕಲ್ಲು ಹಾಲಿನಂಥ ಬಿಳಿ ರಾಡಿಯನ್ನು ಬಿಡುತ್ತದೆ. ನೀಲಿ ಕಲ್ಲಿನ ರಾಡಿ ಕೆನ್ನೇರಳೆ. ಥುರಿಂಜಿಯಾದ ಕಲ್ಲು ಹಳದಿ ಮಿಶ್ರಿತ ಹಸಿರಿನಿಂದ ಕಡುನೀಲಿಯವರೆಗೆ ಇರಬಹುದು. ಕಣ್ಣಿಗೆ ಕಣವೇ ಕಾಣದಷ್ಟು ನಯ. ಮೈಯೆಲ್ಲ ಒಂದೇ ಸಮನಾಗಿದ್ದು, ಒತ್ತಿದ ಅಚ್ಚಿನ ಹೆಸರುಳ್ಳ ಚಿಕ್ಕ ಬಿಲ್ಲೆಯಾದರೆ ಅದು ಬಹುಪಾಲು ಕಾರ್ಖಾನೆಯ ಕಲ್ಲು.

ಇಷ್ಟಾದರೂ ನಿಶ್ಚಯ ಸಿಗದಿರುವುದೇ ಹೆಚ್ಚು. ತೊಡಕು ಇರುವುದು ಇಲ್ಲಿಯೇ. ಎಶರ್ ಎಂಬುದು ಸೊನ್ನೆಬರ್ಗಿನ ಒಂದು ವ್ಯಾಪಾರಿ ಸಂಸ್ಥೆಯ ಹೆಸರು, ಶಿಲೆಯ ಹೆಸರಲ್ಲ. ಅದೇ ಬೆಟ್ಟದ ಕಲ್ಲನ್ನು ಬೇರೆಯವರೂ ಮಾರುತ್ತಿದ್ದರು. ಆದರೆ ಚೀಟಿಯುಳ್ಳ ಎಶರ್ ಕಲ್ಲಿಗೆ ಬೆಲೆ ಹೆಚ್ಚು. ಆದುದರಿಂದ ಹಸಿರು ಸ್ಲೇಟು ಸಿಕ್ಕಿದ್ದೆಲ್ಲ ಆ ಹೆಸರನ್ನು ಹೊತ್ತು ಮಾರಾಟಕ್ಕೆ ಬರುತ್ತದೆ. ಚೀಟಿ ಇದ್ದ ಕಲ್ಲು ಗಾಜಿನ ಕಪಾಟಿನಲ್ಲಿ ಒಣಗುತ್ತದೆ, ಇಲ್ಲದ ಒಳ್ಳೆಯ ಕಲ್ಲು ಕಸದ ಬುಟ್ಟಿಗೆ ಬೀಳುತ್ತದೆ. ಸುಳ್ಳು ಹೆಸರಿನಿಂದ ಕೊಳ್ಳುವವನ ಹಣವಷ್ಟೇ ನಷ್ಟವಾಗುವುದಿಲ್ಲ. ಯಾವ ಕಲ್ಲು ಎಲ್ಲಿಂದ ಬಂದಿತು ಎಂಬ ತಿಳಿವಳಿಕೆಯೇ ಕಲಸಿಹೋಗುತ್ತದೆ.

ಬೇಡಿಕೆ ಹೆಚ್ಚಿದಂತೆ ಹಳೆಯ ಗಣಿಗಳನ್ನು ತೆರೆಯಬಾರದೇಕೆ ಎಂಬ ಮಾತೂ ಬರುತ್ತದೆ. ಬಡ ಬೆಟ್ಟಸೀಮೆಗೆ ಅದು ಅನ್ನದ ದಾರಿ ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ವೇಲ್ಸಿನ ಓಗ್ವೆನ್ ಕಣಿವೆಯನ್ನು ನೋಡಿ. ಅಲ್ಲಿಯೂ ಒಮ್ಮೆ ಮಸೆಗಲ್ಲು ಕಡಿಯುತ್ತಿದ್ದರು. ಅದರ ಮೇಲ್ಭಾಗದ ಕ್ವಮ್ ಇಡ್ವಾಲ್, ಅಪರೂಪದ ಪರ್ವತಸಸ್ಯಗಳ ನೆಲೆ, 1954ರಲ್ಲಿ ವೇಲ್ಸಿನ ಮೊದಲ ರಾಷ್ಟ್ರೀಯ ನಿಸರ್ಗ ಮೀಸಲು ಪ್ರದೇಶವಾಯಿತು. ಇಂಥ ಕಣಿವೆಯನ್ನು ಹವ್ಯಾಸಿಗಳಿಗಾಗಿ ಮತ್ತೆ ಅಗೆಯಬೇಕಾಗಿಲ್ಲ. ಕ್ಷೌರದ ಕತ್ತಿಗೆ ಮಾತ್ರ ಬಳಸಿದ ಕಲ್ಲು ಹಲವು ತಲೆಮಾರು ಬಾಳುತ್ತದೆ. ಈಗಾಗಲೇ ಬೆಟ್ಟದಿಂದ ಹೊರಬಂದಿರುವ ಕಲ್ಲುಗಳು ಕೈಯಿಂದ ಕೈಗೆ ಸಾಗಿದರೆ ಸಾಕು.

ಆದಕಾರಣ ಸಂಗ್ರಾಹಕರಲ್ಲಿ ನನ್ನ ಬಿನ್ನಹ ಇಷ್ಟೇ. ಗೊತ್ತಿಲ್ಲದ ಕಲ್ಲಿಗೆ ಗೊತ್ತಿಲ್ಲವೆಂದೇ ಬರೆಯಿರಿ. ಎಲ್ಲಿ, ಯಾರಿಂದ, ಯಾವ ಪೆಟ್ಟಿಗೆಯಲ್ಲಿ ಸಿಕ್ಕಿತೆಂಬುದನ್ನು ಗುರುತು ಹಾಕಿಕೊಳ್ಳಿ. ಚೀಟಿ, ಗರಗಸದ ಗುರುತು, ಮರದ ಪೆಟ್ಟಿಗೆಗಳನ್ನು ಹೊಳಪಿನ ಆಸೆಗೆ ಅಳಿಸಬೇಡಿ. ಸಮತಟ್ಟು ಮಾಡಲೇಬೇಕಾದರೆ ನೀರಿನಲ್ಲಿಯೇ ತೇಯಿರಿ. ಒಣ ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಡುಕು. ಆಮೇಲೆ ಅದನ್ನು ಬಳಸಿರಿ.

ನಮ್ಮ ಕ್ಷೌರಿಕರ ಹಡಪದಲ್ಲಿಯೂ ಕತ್ತಿಯ ಪಕ್ಕದಲ್ಲಿ ಒಂದು ಮಸೆಗಲ್ಲು ಇರುತ್ತಿತ್ತು. ಅದು ಯಾವ ಬೆಟ್ಟದ್ದೆಂದು ಕೇಳಿದವರು ಕಡಿಮೆ. ಅದನ್ನು ಬಳಸಿ ಬಲ್ಲ ಹಿರಿಯರು ಇನ್ನೂ ಕೆಲವರಾದರೂ ನಮ್ಮ ನಡುವೆ ಇದ್ದಾರೆ. ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಅವರಿರುವಾಗಲೇ ಮಾಡಬೇಕು.