ಒಗೆಯುವ ಯಂತ್ರದ ರೋಗನಿದಾನ

ಹಿಂದಿನ ಸಂಚಿಕೆಯಲ್ಲಿ ಬಾವಿಯ ನೀರೆತ್ತುವ ಪಂಪಿನ ವಿಚಾರವನ್ನು ಬರೆದ ಮೇಲೆ, ವಾಚಕರಲ್ಲಿ ಕೆಲವರು ಬಟ್ಟೆ ಒಗೆಯುವ ಯಂತ್ರದ ವಿಷಯವನ್ನೂ ಈ ಪುಟದಲ್ಲಿ ಬರೆಯಬೇಕೆಂದು ಕೇಳಿಕೊಂಡಿರುವರು. ಜೀವಮಾನವೆಲ್ಲ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರು ಅರವತ್ತರ ವಯಸ್ಸಿನಲ್ಲಿ ಯಂತ್ರಶಾಸ್ತ್ರವನ್ನು ಹೇಳಹೊರಡುವುದು ಕೆಲವರಿಗೆ ನಗೆಯನ್ನು ತಂದೀತು. ಆದರೆ ನಾನು ಹೇಳಬೇಕೆಂದಿರುವುದು ಪುಸ್ತಕದಿಂದ ಕಲಿತುದಲ್ಲ. ನನ್ನ ತಪ್ಪಿನಿಂದ ಕಲಿತುದು. ಆದುದರಿಂದ ಧೈರ್ಯವಾಗಿ ಬರೆಯುತ್ತೇನೆ.

ನಮ್ಮ ಕುಪ್ಪಗಡ್ಡೆಯ ಕಡೆ ಆಷಾಢ ಶ್ರಾವಣಗಳ ಮಳೆ ಹಿಡಿಯಿತೆಂದರೆ, ಬಟ್ಟೆಯನ್ನು ಒಗೆಯುವುದಕ್ಕಿಂತ ಒಣಗಿಸುವುದೇ ಹೆಚ್ಚಿನ ಕಷ್ಟ. ನನ್ನ ತಾಯಿಯವರ ಕಾಲದಲ್ಲಿ ಒದ್ದೆ ಬಟ್ಟೆಗಳನ್ನು ಬಚ್ಚಲೊಲೆಯ ಮೇಲ್ಗಡೆ ಗಳುವಿಗೆ ಹರವಿ, ಹೊಗೆಯ ವಾಸನೆಯೊಡನೆಯೇ ಉಡುತ್ತಿದ್ದೆವು. ಈಗ ಎಷ್ಟೋ ಮನೆಗಳಿಗೆ ವಾಷಿಂಗ್ ಮಷೀನು ಬಂದಿದೆ. ಅದು ಒಗೆಯುವುದು ಒಂದು ಉಪಕಾರವಾದರೆ, ನೀರು ಹಿಂಡಿ ಕೊಡುವುದು ಮಲೆನಾಡಿನವರಿಗೆ ನೂರು ಉಪಕಾರ. ಆದರೆ ಯಂತ್ರವು ಕೆಟ್ಟು ನಿಲ್ಲುವುದು ಸಹ ಬಹುಮಟ್ಟಿಗೆ ಅದೇ ಮಳೆಗಾಲದಲ್ಲಿ. ಆಗ ರಿಪೇರಿಯವರು ಪೇಟೆಯಿಂದ ಹಳ್ಳಿಗೆ ಬರಬೇಕಾದರೆ ನಾಲ್ಕು ದಿನವೋ ಎಂಟು ದಿನವೋ ಕಾಯಬೇಕು.

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ನಮ್ಮದು ಎದುರಿಗೆ ಗಾಜಿನ ಬಾಗಿಲುಳ್ಳ ಯಂತ್ರ. ಒಂದು ಬೆಳಗ್ಗೆ ಅದು ಅರ್ಧ ಕೆಲಸದಲ್ಲಿ ನಿಂತುಹೋಯಿತು. ಒಳಗೆ ಬಟ್ಟೆಗಳು ಕೊಳಕು ನೀರಿನಲ್ಲಿ ಮುಳುಗಿದ್ದುವು, ಬಾಗಿಲು ತೆರೆಯಲೊಲ್ಲದು. ನಾನು ಕನ್ನಡಕ ಏರಿಸಿ ನೋಡಿ, "ತಿರುಗಿಸುವ ಮೋಟಾರು ಸುಟ್ಟಿತು. ಒಂದೇ ಸಲಕ್ಕೆ ಇಷ್ಟೊಂದು ತುಂಬಿದರೆ ಇನ್ನೇನಾದೀತಮ್ಮ?" ಎಂದು ಸೊಸೆಗೆ ಹೇಳಿದೆನು. ಪೇಟೆಯ ರಿಪೇರಿಯವರೊಬ್ಬರಿಗೆ ಫೋನು ಮಾಡಲಾಗಿ, ಅವರು ಯಂತ್ರವನ್ನು ನೋಡದೆಯೇ, ಒಳಗಿನ ಬೋರ್ಡು ಹೋಗಿರಬೇಕೆಂದೂ ಏಳೆಂಟು ಸಾವಿರ ತಗಲುವುದೆಂದೂ ಹೇಳಿದರು. ನಿವೃತ್ತಿವೇತನದವನಿಗೆ ಅದು ಸಣ್ಣ ಮೊತ್ತವಲ್ಲ.

ಆಗ ಸೊಸೆಯು ಮೆಲ್ಲನೆ, "ಮಾವ, ಮೋಟಾರು ಸುಟ್ಟಿದ್ದರೆ ಒಗೆಯುವಾಗ ತಿರುಗಿದ್ದು ಹೇಗೆ? ಅಲ್ಲಿಯವರೆಗೆ ಚೆನ್ನಾಗಿಯೇ ತಿರುಗಿತ್ತು. ನೀರು ಹೊರಕ್ಕೆ ಹೋಗುವ ಹೊತ್ತಿಗೆ ಗುರ್ರೆಂದು ಸದ್ದು ಮಾಡಿ ನಿಂತಿತು" ಎಂದಳು.

ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕಗಳೆಂದು ನಾನು ವರ್ಷಗಟ್ಟಲೆ ವಿವರಿಸಿದುದನ್ನೇ ಅವಳು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವಿರಬಾರದು. ತಿರುಗುವ ಮೋಟಾರನ್ನು ಸುಟ್ಟಿತೆನ್ನುವುದು ಯಾವ ನ್ಯಾಯ?

ಯಂತ್ರದ ಕೆಲಸವು ಐದು ಹೆಜ್ಜೆಗಳ ಒಂದು ಸರಪಳಿ: ನೀರನ್ನು ತುಂಬಿಕೊಳ್ಳುವುದು, ಬಟ್ಟೆಯನ್ನು ಹೊರಳಿಸುವುದು, ಕೊಳೆನೀರನ್ನು ಹೊರಕ್ಕೆ ತಳ್ಳುವುದು, ಹೊಸ ನೀರಿನಲ್ಲಿ ಜಾಲಿಸುವುದು, ವೇಗವಾಗಿ ತಿರುಗಿ ಹಿಂಡುವುದು. ಒಂದು ಹೆಜ್ಜೆ ಮುಗಿಯದೆ ಯಂತ್ರವು ಮುಂದಿನದಕ್ಕೆ ಕಾಲಿಡದು. ನೀರು ಹೊರಹೋಗದಿದ್ದರೆ ಅದು ಹಿಂಡುವುದಿಲ್ಲ, ಬಾಗಿಲನ್ನೂ ಬಿಡುವುದಿಲ್ಲ. ಆದುದರಿಂದ ಲಕ್ಷಣವು ಒಂದು ಕಡೆ ಕಂಡರೆ ದೋಷವು ಅದರ ಹಿಂದಿನ ಹೆಜ್ಜೆಯಲ್ಲಿರುವುದುಂಟು. ನಮ್ಮ ಯಂತ್ರದ ರೋಗವು ಹಿಂಡುವುದರಲ್ಲಿರಲಿಲ್ಲ. ನೀರು ಹೋಗುವ ದಾರಿಯಲ್ಲಿ ಇತ್ತು.

ಪ್ಲಗ್ಗನ್ನು ಕಿತ್ತೆವು. ಯಂತ್ರದ ಕೆಳಮೂಲೆಯಲ್ಲಿ ಅಂಗೈಯಷ್ಟಗಲದ ಒಂದು ಸಣ್ಣ ಬಾಗಿಲಿರುವುದು. ಅದರ ಹಿಂದಿರುವ ಕಿರುಕೊಳವೆಯ ಬಿರಡೆಯನ್ನು ತೆಗೆದು, ತಟ್ಟೆಯೊಂದಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರನ್ನು ಬಿಟ್ಟು ಚೆಲ್ಲಿದೆವು. ನೀರೆಲ್ಲ ಇಳಿದ ಮೇಲೆ ಪಕ್ಕದ ಫಿಲ್ಟರನ್ನು ತಿರುಗಿಸಿ ಈಚೆಗೆ ತೆಗೆಯಲಾಗಿ, ಅದರೊಳಗೆ ಕೂದಲಿನ ಉಂಡೆ, ಒಂದು ಅಡಕೆ ಹೋಳು ಮತ್ತು ಒಂದು ಸುಣ್ಣದ ಡಬ್ಬಿಯ ಮುಚ್ಚಳ ಸಿಕ್ಕಿದುವು. ನಮ್ಮ ಮನೆಯಲ್ಲಿ ಎಲೆಯಡಕೆ ಹಾಕುವವನು ನಾನೊಬ್ಬನೇ. ವಾಚಕರಿಗೆ ಇದಕ್ಕಿಂತ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಫಿಲ್ಟರನ್ನು ತೊಳೆದು, ಪಂಪಿನ ಪುಟ್ಟ ರೆಕ್ಕೆ ಅಡ್ಡಿಯಿಲ್ಲದೆ ತಿರುಗುವುದನ್ನು ನೋಡಿ, ಫಿಲ್ಟರನ್ನು ಬಿಗಿಯಾಗಿ ಕೂರಿಸಿದ ಮೇಲೆ ಯಂತ್ರವು ಮೊದಲಿನಂತೆ ನಡೆಯಿತು. ಖರ್ಚು ಸೊನ್ನೆ.

ನಮ್ಮ ಆಯುರ್ವೇದದವರು ರೋಗಿಯನ್ನು ಮೂರು ಬಗೆಯಾಗಿ ಪರೀಕ್ಷಿಸಬೇಕೆನ್ನುವರು: ದರ್ಶನ, ಸ್ಪರ್ಶನ, ಪ್ರಶ್ನ. ಯಂತ್ರಕ್ಕೂ ಇದು ಸಲ್ಲುವುದು, ಆದರೆ ಅನುಕ್ರಮವನ್ನು ಬದಲಿಸಬೇಕು. ಮೊದಲು ಪ್ರಶ್ನ: ಯಂತ್ರವನ್ನು ದಿನವೂ ನಡೆಸುವವರನ್ನು, ಯಾವ ಹೆಜ್ಜೆಯಲ್ಲಿ ನಿಂತಿತು, ಯಾವ ಸದ್ದು ಬಂದಿತು ಎಂದು ಕೇಳತಕ್ಕದ್ದು. ಎರಡನೆಯದು ದರ್ಶನ: ಪರದೆಯಲ್ಲಿ ಮೂಡಿದ ಸಂಕೇತಾಕ್ಷರವನ್ನು ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ನೋಡತಕ್ಕದ್ದು, ಸಂಕೇತಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುವು. ಸ್ಪರ್ಶನವು ಕಟ್ಟಕಡೆಗೆ, ಅದೂ ಪ್ಲಗ್ಗನ್ನು ಕಿತ್ತ ಮೇಲೆ ಮಾತ್ರ.

ಇನ್ನು ಮನೆಯಲ್ಲಿಯೇ ಪರೀಕ್ಷಿಸಬಹುದಾದ ದೋಷಗಳನ್ನು ಹೆಜ್ಜೆಯ ಕ್ರಮದಲ್ಲಿಯೇ ಹೇಳುತ್ತೇನೆ.

ಯಂತ್ರಕ್ಕೆ ಜೀವವೇ ಬಾರದಿದ್ದರೆ, ಅದೇ ಸಾಕೆಟ್ಟಿಗೆ ಮನೆಯ ಬೇರೊಂದು ಉಪಕರಣವನ್ನು ಹಾಕಿ ನೋಡಿರಿ. ಅದೂ ನಡೆಯದಿದ್ದರೆ ದೋಷವು ಗೋಡೆಯದು, ಯಂತ್ರದ್ದಲ್ಲ. ಅದು ನಡೆದರೆ, ಯಂತ್ರದ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿರಿ. ನಮ್ಮ ದೇಶದ ಮನೆಗಳಿಗೆ ಗೊತ್ತುಪಡಿಸಿದ ವಿದ್ಯುತ್ತಿನ ಒತ್ತಡ ೨೩೦ ವೋಲ್ಟು. ಸಂಜೆಯ ಹೊತ್ತು ದೀಪಗಳು ಮಂಕಾಗುವ ಮನೆಯಲ್ಲಿ ಯಂತ್ರವು ಮುಷ್ಕರ ಹೂಡಿದರೆ ಅದನ್ನು ದೂರತಕ್ಕದ್ದಲ್ಲ. ಬೆಳಗಿನ ಹೊತ್ತು ನಡೆಸಿ ನೋಡಿರಿ.

ನೀರು ಬಾರದಿದ್ದರೆ, ಅಥವಾ ಬಲು ನಿಧಾನವಾಗಿ ಬಂದರೆ, ನಲ್ಲಿಯನ್ನು ಕಟ್ಟಿ, ನೀರಿನ ಪೈಪನ್ನು ಯಂತ್ರದ ಹಿಂಬದಿಯಿಂದ ಬಿಚ್ಚಿರಿ. ಆ ಬಾಯಲ್ಲಿ ಉಗುರಿನಷ್ಟು ದೊಡ್ಡ ಒಂದು ಜಾಲರಿಯಿರುವುದು. ಬಾವಿಯ ನೀರಿನ ಮಣ್ಣು, ತುಕ್ಕು, ಪಾಚಿಗಳು ಅಲ್ಲಿ ಸೇರಿ ದಾರಿಯನ್ನು ಮುಚ್ಚುವುವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಜಾಲರಿಯು ಶುದ್ಧವಾಗಿದ್ದೂ ನೀರು ಬಾರದಿದ್ದರೆ, ತೊಟ್ಟಿಯ ಎತ್ತರವನ್ನು ಅಳೆಯಿರಿ. ಹಲವು ಯಂತ್ರಗಳಿಗೆ ಕನಿಷ್ಠಪಕ್ಷ ಮೂರು ಮೀಟರು, ಎಂದರೆ ಸುಮಾರು ಹತ್ತು ಅಡಿ ಎತ್ತರದಿಂದ ಇಳಿಯುವ ನೀರಿನ ಒತ್ತಡವು ಬೇಕು. ತಗ್ಗು ಮಾಡಿನ ಮೇಲೆ ತೊಟ್ಟಿಯನ್ನಿಟ್ಟ ಮನೆಯಲ್ಲಿ ಯಂತ್ರವನ್ನು ಬದಲಿಸಿ ಫಲವಿಲ್ಲ, ತೊಟ್ಟಿಯನ್ನು ಎತ್ತರಿಸಬೇಕು.

ನೀರು ಬಂದಹಾಗೆಯೇ ಹೊರಟುಹೋಗುತ್ತಿದ್ದರೆ, ಹೊರಪೈಪಿನ ತುದಿಯನ್ನು ನೋಡಿರಿ. ಪಂಪಿನಿಂದ ನೀರನ್ನು ತಳ್ಳುವ ಯಂತ್ರಗಳಲ್ಲಿ ಆ ಪೈಪನ್ನು ಒಮ್ಮೆ ಸೊಂಟದ ಮಟ್ಟದವರೆಗೆ ಎತ್ತಿ ಬಾಗಿಸಿರಬೇಕು. ಅದು ನೆಲದ ಮೇಲೆ ಬಿದ್ದಿದ್ದರೆ ನೀರು ತಾನೇ ಹರಿದುಹೋಗುವುದು. ಯಂತ್ರವು ತುಂಬದ ಕೊಡಕ್ಕೆ ನೀರೆರೆದಂತೆ ತುಂಬುತ್ತಲೇ ಇರುವುದು. ಆದರೆ ಮೇಲ್ಮುಚ್ಚಳದ ಯಂತ್ರಗಳಲ್ಲಿ ಅನೇಕವು ಪಂಪಿಲ್ಲದೆ, ನೀರಿನ ಭಾರದಿಂದಲೇ ಬಸಿಯುವಂಥವು. ಅವುಗಳ ಪೈಪು ತಗ್ಗಿನಲ್ಲಿಯೇ ಇರಬೇಕು. ಎತ್ತಿ ಕಟ್ಟಿದರೆ ನೀರು ಹೋಗದು. ಒಂದಕ್ಕೆ ಪಥ್ಯವಾದುದು ಇನ್ನೊಂದಕ್ಕೆ ಅಪಥ್ಯ. ಆದುದರಿಂದ ನಿಮ್ಮದು ಯಾವ ಜಾತಿಯದೆಂಬುದನ್ನು ಮೊದಲು ತಿಳಿಯಿರಿ.

ಹಿಂಡುವಾಗ ಯಂತ್ರವು ನಡುಗಿ ಕುಣಿದರೆ, ಅಥವಾ ಹಿಂಡಲು ಹೋಗಿ ಹೋಗಿ ನಿಂತರೆ, ಬಟ್ಟೆಯು ಒಂದೇ ಪಕ್ಕಕ್ಕೆ ಸೇರಿರುವುದೆಂದು ತಿಳಿಯಬೇಕು. ಒಂದೇ ಒಂದು ದಪ್ಪ ಜಮಖಾನವನ್ನು ಹಾಕಿದರೆ ಹೀಗಾಗುವುದುಂಟು. ಪ್ಲಗ್ಗನ್ನು ಕಿತ್ತು ಬಟ್ಟೆಗಳನ್ನು ಬಿಡಿಸಿ ಹರವಿರಿ. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ಕುಳಿತಿರಬೇಕು. ಒಂದು ಮೂಲೆಯನ್ನು ಒತ್ತಿದಾಗ ಅಲುಗಿದರೆ ಆ ಕಾಲಿನ ತಿರುಪನ್ನು ಸರಿಪಡಿಸಿರಿ. ಗಾಜಿನ ಬಾಗಿಲಿನ ಹೊಸ ಯಂತ್ರವು ಮೊದಲ ದಿನವೇ ಭಯಂಕರವಾಗಿ ಕುಣಿದರೆ, ಸಾಗಣೆಗೆಂದು ಹಿಂಬದಿಯಲ್ಲಿ ಬಿಗಿದಿದ್ದ ಉದ್ದನೆಯ ಬೋಲ್ಟುಗಳನ್ನು ಬಿಚ್ಚಲು ಮರೆತಿರುವರು.

ಸಾಬೂನುಪುಡಿಯ ವಿಷಯದಲ್ಲಿಯೂ ಒಂದು ಮಾತು. ಬಕೆಟ್ಟಿನಲ್ಲಿ ನೆನೆಹಾಕುವ ಪುಡಿಯನ್ನು ಗಾಜಿನ ಬಾಗಿಲಿನ ಯಂತ್ರಕ್ಕೆ ಹಾಕತಕ್ಕದ್ದಲ್ಲ. ಹೆಚ್ಚು ನೊರೆಯಾದರೆ ಅದು ನೀರನ್ನು ಹೊರಹಾಕಲಾರದೆಯೂ ಹಿಂಡಲಾರದೆಯೂ ಒದ್ದಾಡುವುದು. ಯಂತ್ರಕ್ಕೆಂದೇ ಮಾಡಿದ ಪುಡಿಯನ್ನು ಹೇಳಿದಷ್ಟೇ ಹಾಕಿ, ಕೆಲಸ ಮುಗಿದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಬೂಸಲು ವಾಸನೆಯೂ ಬರುವುದಿಲ್ಲ. ಹಾಗೆಯೇ, ಅಡಕೆ ಭತ್ತಗಳ ಮನೆಯಲ್ಲಿ ಇಲಿಗಳ ಕಾಟವು ತಪ್ಪದು. ತಳವು ತೆರೆದಿರುವ ಯಂತ್ರಗಳೊಳಗೆ ಅವು ಹೊಕ್ಕು ತಂತಿಯನ್ನು ಕಡಿಯುವುವು. ತಳಕ್ಕೊಂದು ಜಾಲರಿಯನ್ನು ಹಾಕಿಸಿದರೆ ಎಷ್ಟೋ ಸಾವಿರ ಉಳಿಯುವುದು.

ಇಲ್ಲಿಗೆ ಗೃಹಸ್ಥರ ಅಧಿಕಾರವು ಮುಗಿಯಿತು. ಮೋಟಾರು ಹೂಂಕರಿಸಿದರೂ ತಿರುಗದಿದ್ದರೆ ಕೆಪ್ಯಾಸಿಟರೋ ಬೆಲ್ಟೋ ಕೆಟ್ಟಿರಬಹುದು. ಅದನ್ನು ಬಲ್ಲವರಿಗೇ ಬಿಡಬೇಕು; ಏಕೆಂದರೆ ಕೆಪ್ಯಾಸಿಟರು ಪ್ಲಗ್ಗನ್ನು ಕಿತ್ತ ಮೇಲೆಯೂ ತನ್ನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು, ಮುಟ್ಟಿದವರನ್ನು ಹೊಡೆಯಬಲ್ಲದು. ಹಿಂಬದಿಯ ತಗಡನ್ನು ಬಿಚ್ಚುವ ಕೆಲಸವು ನಮ್ಮದಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಸುಣ್ಣದ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಾನು ನಾಚಿ ನಿಂತಿರಲು, ಸೊಸೆಯು, "ಇನ್ನೊಂದು ಮಾತಿದೆ ಮಾವ. ಹೋದ ತಿಂಗಳೇ ಹೇಳಿದ್ದೆ. ಒದ್ದೆ ಕೈಯಲ್ಲಿ ಇದರ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ" ಎಂದಳು. ಹೌದು, ಹೇಳಿದ್ದಳು. ಆ ದಿನ ನಾನು ಚಪ್ಪಲಿ ಮೆಟ್ಟಿ, ಒಣಗಿದ ಕೈಯಿಂದ ಯಂತ್ರವನ್ನು ಮುಟ್ಟಿ ನೋಡಿ, "ಏನೂ ಇಲ್ಲಮ್ಮ, ನಿನ್ನ ಭ್ರಮೆ" ಎಂದು ಹೇಳಿ ಪಂಚಾಂಗವನ್ನು ತೆರೆದಿದ್ದೆನು. ಅವಳು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ದಿನವೂ ಕೆಲಸ ಮಾಡುವವಳೆಂಬುದು ನನಗೆ ಹೊಳೆಯಲಿಲ್ಲ.

ಈ ಸಲ ಯಂತ್ರವನ್ನು ಮುಟ್ಟದೆ ಊರಿನ ವಯರಿಂಗಿನವರನ್ನು ಕರೆಸಿದೆನು. ಅವರು ಹಿತ್ತಿಲಿನಲ್ಲಿ ಅಗೆದು ತೋರಿಸಿ, "ಮೇಷ್ಟ್ರೇ, ನಿಮ್ಮ ಮನೆಗೆ ಅರ್ತಿಂಗೇ ಇಲ್ಲ" ಎಂದರು. ಮನೆ ಕಟ್ಟಿದಾಗ ಹೂತಿದ್ದ ಪೈಪಿಗೂ ತಂತಿಗೂ ಕೂಡಿದ ಜಾಗವು ತುಕ್ಕು ಹಿಡಿದು ಯಾವಾಗಲೋ ಕಡಿದುಹೋಗಿತ್ತು. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ದಪ್ಪನೆಯ, ಉದ್ದನೆಯ ಕಡ್ಡಿಯು ಭೂಸಂಪರ್ಕಕ್ಕಾಗಿ ಇರುವುದು. ಯಂತ್ರದ ಮೈಗೆ ಒಳಗಿನ ವಿದ್ಯುತ್ತು ಸೋರಿದರೆ ಅದು ಆ ದಾರಿಯಿಂದ ಭೂಮಿಗೆ ಇಳಿಯಬೇಕು. ದಾರಿಯು ಕಡಿದಿದ್ದರೆ ಅದು ಯಂತ್ರದ ಮೈಯಲ್ಲಿಯೇ ಕಾದಿದ್ದು, ಮುಟ್ಟಿದವರ ಶರೀರವನ್ನೇ ದಾರಿ ಮಾಡಿಕೊಳ್ಳುವುದು. ನಮ್ಮ ಯಂತ್ರದಲ್ಲಿ ನೀರು ಕಾಯಿಸುವ ಸುರುಳಿಯೂ ಹಳತಾಗಿ ಸೋರಲಾರಂಭಿಸಿತ್ತು. ಇಂದು ಜುಮ್ಮೆಂದುದು ನಾಳೆ ಪ್ರಾಣವನ್ನು ತೆಗೆಯಬಹುದಾಗಿತ್ತು.

ನಮ್ಮ ನೆರೆಯ ಸಾಗರ ತಾಲ್ಲೂಕಿನ ಜೋಗದಲ್ಲಿ ೧೯೪೦ರ ದಶಕದಿಂದ ಶರಾವತಿಯ ನೀರಿನಿಂದಲೇ ವಿದ್ಯುತ್ತನ್ನು ಉತ್ಪಾದಿಸುತ್ತಿರುವರು. ನೀರಿನಿಂದ ಹುಟ್ಟಿದರೂ ಮನೆಯೊಳಗೆ ಆ ವಿದ್ಯುತ್ತಿಗೂ ನೀರಿಗೂ ಸಖ್ಯವು ಕೂಡದು. ಒಗೆಯುವ ಯಂತ್ರವು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇರಿಸಿದೆ. ಅವುಗಳ ನಡುವೆ ನಮ್ಮನ್ನು ಕಾಯುವುದು ಹಿತ್ತಿಲಿನಲ್ಲಿ ಹೂತ, ಯಾರೂ ನೋಡದ ಒಂದು ತಂತಿ.

ಹೊಸ ಗುಂಡಿಯನ್ನು ತೋಡಿ, ಪೈಪನ್ನು ಹೂತು, ಇದ್ದಿಲು ಉಪ್ಪುಗಳನ್ನು ತುಂಬಿಸಿ, ತಂತಿಯನ್ನು ಬಿಗಿಸಿದೆವು. ಸುರುಳಿಯನ್ನೂ ಬದಲಿಸಲಾಯಿತು. ೩೦ ಮಿಲಿಆಂಪಿಯರಿನಷ್ಟು ಸೋರಿಕೆಯಾದೊಡನೆ ವಿದ್ಯುತ್ತನ್ನು ತಾನೇ ಕಡಿದುಬಿಡುವ ಸ್ವಿಚ್ಚೊಂದನ್ನೂ ಹಾಕಿಸಿದೆವು. ಅದನ್ನು ಆರ್‌ಸಿಸಿಬಿ ಎನ್ನುವರು. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುವುದು. ಆಗಾಗ್ಗೆ ಅದನ್ನು ಒತ್ತಿ, ಸ್ವಿಚ್ಚು ಬೀಳುವುದೇ ಎಂದು ನೋಡತಕ್ಕದ್ದು. ಬೇಸಗೆಯಲ್ಲಿ ಮಣ್ಣು ಒಣಗಿದರೆ ಭೂಮಿಗೆ ವಿದ್ಯುತ್ತು ಸುಲಭವಾಗಿ ಇಳಿಯದಾದುದರಿಂದ, ಅರ್ತಿಂಗಿನ ಗುಂಡಿಗೆ ವಾರಕ್ಕೊಮ್ಮೆ ಒಂದು ಕೊಡ ನೀರೆರೆಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ಈ ಲೇಖನವನ್ನು ಓದಿದ ಗೃಹಸ್ಥರು ಇಂದೇ ಎರಡು ಕೆಲಸಗಳನ್ನು ಮಾಡಬೇಕೆಂದು ಬೇಡುತ್ತೇನೆ. ಒಂದು, ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರನ್ನು, ಯಂತ್ರವನ್ನು ಮುಟ್ಟಿದಾಗ ಎಂದಾದರೂ ಜುಮ್ಮೆಂದಿತ್ತೇ ಎಂದು ಕೇಳಿರಿ. ಹೌದೆಂದರೆ, ಪರೀಕ್ಷಿಸಲೆಂದು ನೀವೂ ಮುಟ್ಟಬೇಡಿರಿ. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಬಲ್ಲವರನ್ನು ಕರೆಸಿ ಭೂಸಂಪರ್ಕವನ್ನು ಅಳೆಯಿಸಿರಿ. ಎರಡು, ಬಟ್ಟೆಯನ್ನು ಒಗೆಯಲು ಹಾಕುವ ಮೊದಲು ನಿಮ್ಮ ಜೇಬನ್ನು ನೀವೇ ನೋಡಿಕೊಳ್ಳಿರಿ.

ನಮ್ಮ ಮನೆಯಲ್ಲಿ ಈಗ ಆ ಮುಚ್ಚಳವು ಯಂತ್ರದ ಮೇಲಿನ ಗೂಡಿನಲ್ಲಿದೆ. ಅದನ್ನು ಎಸೆಯಲು ಸೊಸೆ ಒಪ್ಪಿಲ್ಲ, ನಾನೂ ಕೇಳಿಲ್ಲ.