ದಿಲ್ಲಿಯಲ್ಲಿ ಪಂಚಾಯಿತಿ

ಕೊಂಡು ನಾಲ್ಕೇ ತಿಂಗಳಿಗೆ ನಮ್ಮ ಮನೆಯ ವಾಷಿಂಗ್ ಮಷೀನ್ ತಿರುಗುವುದನ್ನೇ ನಿಲ್ಲಿಸಿತು. ಮೂರು ಸಲ ಬಂದುಹೋದ ಮೆಕ್ಯಾನಿಕ್ಕು ನಾಲ್ಕನೆಯ ಸಲ ಫೋನೇ ಎತ್ತಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಕಂಪನಿಯ ಕಾಲ್ ಸೆಂಟರಿಗೆ ಗದರಿದೆ. ಆ ಕಡೆಯ ಹುಡುಗ ತಣ್ಣಗೆ, ‘ಮೇಡಂ, ವಾರಂಟಿ ಕಾರ್ಡ್ ಹಿಂದೆ ಹನ್ನೊಂದನೇ ಕಂಡಿಷನ್ ನೋಡಿ’ ಎಂದ. ಕನ್ನಡಕ ಒರೆಸಿಕೊಂಡು ಓದಿದೆ. ಅಕ್ಷರಗಳೋ, ಗಸಗಸೆ ಚೆಲ್ಲಿದ ಹಾಗೆ. ತಕರಾರು ಏನೇ ಇದ್ದರೂ ಕಂಪನಿ ನೇಮಿಸುವ ಆರ್ಬಿಟ್ರೇಟರ್ ಮುಂದೆ, ಅದೂ ದಿಲ್ಲಿಯಲ್ಲಿ ಇತ್ಯರ್ಥವಂತೆ!

ಊರ ಪಂಚಾಯಿತಿಯಲ್ಲೂ ಪಂಚರನ್ನು ಎರಡೂ ಕಡೆಯವರು ಒಪ್ಪಬೇಕು. ಇಲ್ಲಿ ಜಗಳ ಹುಟ್ಟುವ ಮೊದಲೇ ಪಂಚರನ್ನು ಗೊತ್ತುಮಾಡಿ, ಡಬ್ಬದೊಳಗೆ ಥರ್ಮೊಕೋಲಿನ ಜೊತೆ ಕಳಿಸಿದ್ದಾರೆ. ವ್ಯಾಪಾರಿ ವ್ಯಾಪಾರಿಗಳ ನಡುವೆ ಆರ್ಬಿಟ್ರೇಷನ್ ಒಳ್ಳೆಯದೇ ಇರಬಹುದು. ಬಟ್ಟೆ ಒಗೆಯುವವರಿಗೆ ಏಕೆ?

ಅಮೆರಿಕದಲ್ಲಿ ಇಂಥ ಷರತ್ತಿಗೆ ಹಲ್ಲಿದೆ. ಕ್ಯಾಲಿಫೋರ್ನಿಯಾದ ದಂಪತಿಯೊಬ್ಬರು ‘ಉಚಿತ’ ಫೋನಿನ ಮೇಲೆ 30.22 ಡಾಲರ್ ಮಾರಾಟ ತೆರಿಗೆ ತೆರಬೇಕಾಯಿತು. ತಮ್ಮಂತೆ ತೆತ್ತವರೆಲ್ಲರ ಪರವಾಗಿ ಒಂದೇ ದಾವೆ ನಡೆಯಲಿ ಎಂದು ಕೋರ್ಟಿಗೆ ಹೋದರು. ಎಟಿ ಅಂಡ್ ಟಿ ಮೊಬಿಲಿಟಿಯ ಆ ಪ್ರಕರಣದಲ್ಲಿ 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, 5–4ರ ಬಹುಮತದಿಂದ ಕಂಪನಿಯ ಮಾತನ್ನೇ ಎತ್ತಿಹಿಡಿಯಿತು: ಕರಾರಿನಲ್ಲಿರುವಂತೆ ಒಬ್ಬೊಬ್ಬರೇ ಆರ್ಬಿಟ್ರೇಷನ್ನಿಗೆ ಹೋಗಬೇಕು. ಮೂವತ್ತು ಡಾಲರಿಗೆ ಯಾವ ವಕೀಲ ಫೈಲು ಬಿಚ್ಚುತ್ತಾನೆ?

ನಮ್ಮಲ್ಲಿ ಹಾಗಿಲ್ಲ. ಬೀಜ ಕೈಕೊಟ್ಟ ಆಂಧ್ರದ ರೈತರ ಪ್ರಕರಣದಲ್ಲಿ 2012ರಲ್ಲಿ, ಮನೆ ಖರೀದಿದಾರರ ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು ಒಂದೇ: ಆರ್ಬಿಟ್ರೇಷನ್ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ತೆತ್ತ ಬೆಲೆ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ, ವಕೀಲರೇ ಬೇಕೆಂದೂ ಇಲ್ಲ.

ಹಾಗಿದ್ದರೆ ಆ ಸಾಲನ್ನು ಇನ್ನೂ ಏಕೆ ಅಚ್ಚು ಹಾಕುತ್ತಾರೆ? ಹೊಲದ ಬೆರ್ಚಪ್ಪ ಹಕ್ಕಿ ಹಿಡಿಯಬೇಕಿಲ್ಲವಲ್ಲ, ನಿಂತಿದ್ದರೆ ಆಯಿತು. ನಾನೂ ಹೆದರಿ ಹದಿನೈದು ದಿನ ಬಕೆಟ್ಟಿನಲ್ಲೇ ಬಟ್ಟೆ ಕುಕ್ಕಿದೆ.

ಕೊನೆಗೆ ಧೈರ್ಯ ಮಾಡಿ ಆಯೋಗದ ಕಚೇರಿಗೆ ಹೋದೆ. ಹನ್ನೊಂದನೇ ಕಂಡಿಷನ್ನಿಗೆ ಉತ್ತರವನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಗುಮಾಸ್ತರು ಕಾರ್ಡಿನ ಹಿಂಬದಿ ತಿರುವಿಯೂ ನೋಡಲಿಲ್ಲ. ‘ಬಿಲ್ಲಿನ ಜೆರಾಕ್ಸ್ ಇನ್ನೆರಡು ಸೆಟ್ ಮಾಡಿಸಿಕೊಂಡು ಬನ್ನಿ, ಅಮ್ಮಾ’ ಎಂದರು.